ಫ್ಲೆಕ್ಸಿನ ಹಿಂದಿನ ಗೋಡೆ

ನನ್ನನ್ನು ಪ್ರದರ್ಶನ ವಿಭಾಗದ ಸಂಚಾಲಕಿಯನ್ನಾಗಿ ಮಾಡಿದ್ದು ಗೌರವದಿಂದಲ್ಲ, ಬಾಯಿ ಮುಚ್ಚಿಸಲಿಕ್ಕೆ. ಡೊಂಬಿವಲಿಯ ನಮ್ಮ ಕನ್ನಡ ಸಂಘದ ಕಟ್ಟಡದಲ್ಲಿ ಮೇಲಿನ ಮಹಡಿಗೆ ಕಲಾಕೇಂದ್ರವೆಂದು ಹೆಸರು. ಆ ವರ್ಷದ ಸಭೆಯಲ್ಲಿ ನಾನು ಎದ್ದು ನಿಂತು, ಹೆಂಗಸರಿಗೆ ರಂಗೋಲಿಯನ್ನೂ ಆರತಿ ತಟ್ಟೆಯನ್ನೂ ಬಿಟ್ಟು ಬೇರೆ ಏನಾದರೂ ಕೊಡುವ ಆಲೋಚನೆ ಇದೆಯೋ ಇಲ್ಲವೋ ಎಂದು ಕೇಳಿದೆ. ಅಧ್ಯಕ್ಷರು ಉಡುಪಿ ಕಡೆಯವರು, ಸಿಟ್ಟು ಬಂದಷ್ಟೂ ನಗುವ ಜಾತಿ. "ಹಾಗಾದ್ರೆ ಪ್ರದರ್ಶನ ವಿಭಾಗ ನೀವೇ ನೋಡಿಕೊಳ್ಳಿ ಅಮ್ಮ," ಅಂದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಸಂಘದಲ್ಲಿ ಬಾಯಿ ತೆರೆದವರಿಗೆ ಕೆಲಸವೇ ಶಿಕ್ಷೆ.

ಕಲಾಕೇಂದ್ರ ಎಂದ ಕೂಡಲೇ ಏನೇನೋ ಊಹಿಸಿಕೊಳ್ಳಬೇಡಿ. ಉದ್ದನೆಯ ಒಂದು ಹಾಲ್, ಅಷ್ಟೇ. ಮೂರು ಕಡೆ ಕಿಟಕಿ, ಅದರಾಚೆ ರಿಕ್ಷಾ ಸ್ಟ್ಯಾಂಡು, ಟ್ಯೂಷನ್ ಕ್ಲಾಸುಗಳ ಬೋರ್ಡು, ಯಾರೋ ಒಣಗಹಾಕಿದ ಚಾದರ. ನಾಲ್ಕನೆಯ ಕಡೆ ಮಾತ್ರ ಇಡಿಯಾದ ಗೋಡೆ. ಚಿತ್ರ ತೂಗುಹಾಕಲು ಮೊಳೆಗಳಿರುವುದೂ, ಮೇಲೆ ಟ್ಯೂಬ್‌ಲೈಟಿನ ಸಾಲಿರುವುದೂ ಅಲ್ಲೇ. ಆ ಗೋಡೆಯ ತುದಿಗೆ ಪ್ಯಾಂಟ್ರಿಯ ಬಾಗಿಲು. ಒಳಗೆ ಎರಡು ಒಲೆಯ ಗ್ಯಾಸು, ಸಿಂಕು, ಯಾವ ಕಾಲದಲ್ಲಿ ಯಾರು ತಂದದ್ದೆಂದು ಗೊತ್ತಿಲ್ಲದ ಸ್ಟೀಲ್ ಲೋಟಗಳು.

ಆ ಗೋಡೆ ಏನೇನು ನೋಡಿಲ್ಲ! ಮಕ್ಕಳ ಚಿತ್ರಸ್ಪರ್ಧೆ ಅಂದರೆ ಎರಡು ಗುಡ್ಡ, ನಡುವೆ ಸೂರ್ಯ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ, ಸೂರ್ಯ ಹುಟ್ಟುವ ಹೊತ್ತಿಗೆ ಎಂದೂ ಎದ್ದಿರದ ಮಕ್ಕಳು ಸೈತ ಅದನ್ನೇ ಬರೆಯುತ್ತಿದ್ದವು. ಒಮ್ಮೆ ಕಾರ್ಯಕಾರಿ ಸಮಿತಿಯವರೊಬ್ಬರ ಕಾಶ್ಮೀರ ಪ್ರವಾಸದ ಫೋಟೋ ಪ್ರದರ್ಶನ ನಡೆಯಿತು. ಪ್ರತಿ ಫೋಟೋದಲ್ಲೂ ಅವರ ಹೆಂಡತಿ, ಅದೇ ನೇರಳೆ ಸ್ವೆಟರು, ಹಿಂದೆ ಎಲ್ಲೋ ಒಂದಿಷ್ಟು ಕಾಶ್ಮೀರ. ದಸರೆಗೆ ಗೊಂಬೆ, ಬೇಸಿಗೆಗೆ ಕಸೂತಿ. ಎಲ್ಲದಕ್ಕೂ ಜನ ಬರುತ್ತಿದ್ದರು. ಏನನ್ನೂ ಯಾರೂ ನೋಡುತ್ತಿರಲಿಲ್ಲ.

ಯಾಕೆಂದರೆ ನಮ್ಮಲ್ಲಿ ಪ್ರದರ್ಶನಕ್ಕಿಂತ ಅದರ ಉದ್ಘಾಟನೆಯೇ ದೊಡ್ಡದು. ಪ್ರಾರ್ಥನೆ, ದೀಪ, ಸ್ವಾಗತ, ಪರಿಚಯ, ಪರಿಚಯ ಮಾಡಿದವರ ಪರಿಚಯ, ಆಮೇಲೆ ಶಾಲು. ಠಾಣೆಯ ಸಂಘದವರು ನಮ್ಮವರಿಗೆ ಶಾಲು ಹೊದಿಸಿದ್ದರೆ ನಾವು ಅವರಿಗೆ ಹೊದಿಸಲೇಬೇಕು. ವಾಶಿ, ಖಾರಘರ, ಕಲ್ಯಾಣ ಎಲ್ಲ ಕಡೆಯ ಋಣ ತೀರಬೇಕು. ಒಂದು ಸಲ ನಾವು ಅತಿಥಿಯೊಬ್ಬರಿಗೆ ಹೊದಿಸಿದ ಕೆಂಪು ಶಾಲು ಊರೂರು ಸುತ್ತಿ ಎರಡು ವರ್ಷದ ಮೇಲೆ ನಮ್ಮ ಅಧ್ಯಕ್ಷರ ಹೆಗಲಿಗೇ ಬಂದು ಕೂತಿತ್ತು. ಅಂಚಿನ ಅರಿಸಿನದ ಕಲೆಯಿಂದ ನಾನು ಗುರುತು ಹಿಡಿದೆ. ಹೇಳಲಿಲ್ಲ, ಪಾಪ, ಖುಷಿಯಾಗಿದ್ದರು.

ಇಂಥ ಜಾಗದಲ್ಲಿ ನನ್ನ ಮಾವನ ಚಿತ್ರಗಳ ಪ್ರದರ್ಶನ ಇಡಬೇಕೆಂದು ನಾನು ಹಟ ಹಿಡಿದೆ.

ಮಾವ ಗದಗಿನ ಕಡೆಯವರು. ರೈಲ್ವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮರುವಾರವೇ ಜಲವರ್ಣದ ಡಬ್ಬಿ ಕೊಂಡುತಂದರು. ಇಷ್ಟು ವರ್ಷ ಲೋಕಲ್‌ನಲ್ಲಿ ಬಾಗಿಲ ಬಳಿ ನಿಂತು ನೋಡಿದ್ದನ್ನೆಲ್ಲ ಬರೆಯಲು ಕೂತರು. ಕಲ್ಯಾಣದ ಯಾರ್ಡು, ಮಳೆಯಲ್ಲಿ ಉಕ್ಕಿದ ಠಾಣೆಯ ಖಾಡಿಯ ನೀರು, ಲಗೇಜ್ ಡಬ್ಬಿಯಲ್ಲಿ ಬುಟ್ಟಿಯ ಮೇಲೆ ನಿದ್ದೆ ಹೋದ ಮೀನಿನ ಹೆಂಗಸರು. ನಾನೇನು ತಜ್ಞೆಯಲ್ಲ. ಅವರ ರೈಲುಗಳು ಒಂದು ಕಡೆಗೆ ವಾಲುತ್ತಿದ್ದವು, ಫುಟ್‌ಓವರ್ ಬ್ರಿಜ್ಜು ಯಾವ ಗಳಿಗೆಗೆ ಬೀಳುತ್ತದೋ ಎನ್ನುವ ಹಾಗಿತ್ತು. ಆದರೆ ಮಳೆ ಮಾತ್ರ ನಮ್ಮ ಮಳೆಯೇ. ನನ್ನ ಮಗಳಂತೂ, "ಆಜೋಬಾ, ಮಸ್ತ್!" ಎಂದು ಅಜ್ಜನನ್ನು ಮರಾಠಿಯಲ್ಲೇ ಹೊಗಳುತ್ತಿದ್ದಳು.

ಆದರೆ ನಮ್ಮ ಅತ್ತೆ? ಅಬ್ಬಬ್ಬಾ. ನಮ್ಮದು ಒಂದು ರೂಮು, ಹಾಲು, ಅಡಿಗೆಮನೆಯ ಬ್ಲಾಕು, ಅದಕ್ಕೊಂದು ಬಾಲ್ಕನಿ. ಆ ಬಾಲ್ಕನಿ ಅತ್ತೆಯ ಹಪ್ಪಳ, ಸಂಡಿಗೆಯ ಸಾಮ್ರಾಜ್ಯ. ಮಾವ ಅಲ್ಲಿ ಬೋರ್ಡು ಹಾಕಿಕೊಂಡು ಕೂತರು. ಒಂದು ದಿನ ಮೊಸರಿನ ಬಟ್ಟಲಲ್ಲಿ ಬ್ರಷ್ ತೊಳೆದರು. ಅಲ್ಲಿಗೆ ಯುದ್ಧ ಘೋಷಣೆಯಾಯಿತು. "ಇವರ ಚಿತ್ರಾ ನಾ ಕಣ್ಣೆತ್ತಿ ಸೈತ ನೋಡಂಗಿಲ್ಲ," ಅಂದುಬಿಟ್ಟರು ಅತ್ತೆ.

ಅಂದ ಹಾಗೆಯೇ ನಡೆದುಕೊಂಡರು. ಅಷ್ಟು ಸಣ್ಣ ಮನೆಯಲ್ಲಿ ಚಿತ್ರಗಳನ್ನು ನೋಡದೆ ಇರುವುದಕ್ಕೂ ಒಂದು ಕಲೆ ಬೇಕು. ಅತ್ತೆ ಬಾಲ್ಕನಿ ಗುಡಿಸುವಾಗ ಕತ್ತನ್ನು ಗ್ರಿಲ್ಲಿನ ಕಡೆ ತಿರುಗಿಸಿಕೊಂಡು ಗುಡಿಸುತ್ತಿದ್ದರು. ಒಣಗಲು ಇಟ್ಟ ಚಿತ್ರದ ಮೇಲೆ ಪೇಪರು ಮುಚ್ಚಿ ಅದರ ಮೇಲೆ ಶೇಂಗಾ ಹರವುತ್ತಿದ್ದರು. ಮಾವ ಹೊಸ ಚಿತ್ರ ಮುಗಿಸಿ, "ಏ, ಒಂದ್ಸಲ ಇತ್ತ ಬಾ," ಎಂದು ಕರೆದರೆ, "ಒಗ್ಗರಣಿ ಸೀದ್ ಹೋಗ್ತದ," ಎನ್ನುತ್ತಿದ್ದರು. ಒಲೆ ಆರಿರುತ್ತಿತ್ತು. ಮಾವ ಬ್ರಷ್ ಕೈಯಲ್ಲಿ ಹಿಡಿದು ಇನ್ನೂ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡುತ್ತಿದ್ದರು.

ಸಂಘ ಒಪ್ಪಿ ಪ್ರದರ್ಶನ ಗೊತ್ತಾದ ದಿನ ಮಾವ ನನ್ನನ್ನು ಪಕ್ಕಕ್ಕೆ ಕರೆದರು.

"ಮಂದಿ ಬರ್ಲಿ, ಬಿಡ್ಲಿ, ಅದರ ಚಿಂತಿಲ್ಲವ್ವಾ ನನಗ. ಆಕಿ ಒಂದ ಸಲ ಆ ಗ್ವಾಡಿ ಮುಂದ ಬಂದು ನೋಡಿದ್ರ ಸಾಕು. ಚಂದ ಅದ ಅನ್ನೂದೂ ಬ್ಯಾಡ. ಬೈದ್ರೂ ನಡೀತದ. ನೋಡ್ಲಿ."

ನಾನು ಅಡಿಗೆಮನೆಗೆ ಹೋಗಿ ಅತ್ತೆಯ ಮುಂದೆ ಬೇರೆಯದೇ ರಾಗ ಎಳೆದೆ. "ಅತ್ಯಾರ, ಮಾಮಾರಿಗೆ ಸನ್ಮಾನ ಅದ. ದಂಪತಿಗಳನ್ನ ಕೂಡಿಸಿ ಶಾಲು ಹೊದಸ್ತಾರಂತ. ನೀವು ಬರಲಿಲ್ಲಂದ್ರ ಬಾಜೂ ಕುರ್ಚಿ ಖಾಲಿ ಉಳೀತದ."

ಅತ್ತೆ ಲಟ್ಟಣಿಗೆ ನಿಲ್ಲಿಸಿದರು. "ಖಾಲಿ ಉಳದ್ರ ಮಂದಿ ಏನ್ ತಿಳಕೋಬೇಕು? ಬರ್ತೀನಿ. ಶಾಲ್ ಹೊದಸಿಕೊಂಡು ಬರ್ತೀನಿ. ಆದ್ರ ಚಿತ್ರಾ ಗಿತ್ರಾ ನೋಡು ಅನಬ್ಯಾಡ ಮತ್ತ."

ಇಷ್ಟಾದರೂ ಆಯಿತಲ್ಲ ಎಂದು ನಾನು ವಾಶಿಯ ಆಫೀಸಿಗೆ ರಜೆ ಹಾಕಿ ಓಡಾಡಿದೆ. ಶನಿವಾರ ಸಂಜೆ ನಾನೂ ಮಾವನೂ ಹದಿನಾಲ್ಕು ಚಿತ್ರಗಳನ್ನು ಆ ಗೋಡೆಗೆ ತೂಗುಹಾಕಿದೆವು. ಮಾವ ಒಂದೊಂದರ ಮುಂದೆಯೂ ಹಿಂದೆ ಸರಿದು ನಿಂತು, ಅತ್ತೆಯ ಎತ್ತರಕ್ಕೆ ಮೊಣಕಾಲು ಬಗ್ಗಿಸಿ ನೋಡಿ, "ಇನ್ನೊಂದ್ ಸ್ವಲ್ಪ ಕೆಳಗ ಇರ್ಲಿ," ಎನ್ನುತ್ತಿದ್ದರು. ಹೋಗುವವರು ಬರುವವರಿಗೆ ಚಿತ್ರಗಳು ಹೊಟ್ಟೆಯ ಎತ್ತರಕ್ಕೆ ಬಂದವು. ಇರಲಿ ಎಂದು ಬಿಟ್ಟೆ.

ಭಾನುವಾರ ಬೆಳಿಗ್ಗೆ ಹೋಗಿ ನೋಡುತ್ತೇನೆ, ಗೋಡೆಯೇ ಇಲ್ಲ!

ಗೋಡೆಯಿದ್ದಲ್ಲಿ ಅಧ್ಯಕ್ಷರ ಮುಖ. ಒಂದಾಳೆತ್ತರದ ಮುಖ. ಅದರ ಸುತ್ತ ಉಪಾಧ್ಯಕ್ಷರು, ಕಾರ್ಯದರ್ಶಿ, ಜೊತೆ ಕಾರ್ಯದರ್ಶಿ, ಕೋಶಾಧಿಕಾರಿ, ಮುಖ್ಯ ಅತಿಥಿ, ಗೌರವ ಅತಿಥಿ, ಬರುವುದಿಲ್ಲವೆಂದು ಮೊದಲೇ ತಿಳಿಸಿದ್ದ ಅತಿಥಿ. ಎಲ್ಲರೂ ಕೈ ಮುಗಿದುಕೊಂಡು ನಗುತ್ತಿದ್ದಾರೆ. ಹಾಲಿನ ಈ ಕಡೆಯಿಂದ ಆ ಕಡೆಯವರೆಗೆ ಫ್ಲೆಕ್ಸ್ ಬ್ಯಾನರ್ ಕಟ್ಟಿ, ಅದರ ಮುಂದೆ ವೇದಿಕೆ ಜೋಡಿಸಿದ್ದರು. ಕೆಳಗಿನ ಮೂಲೆಯಲ್ಲಿ ಪೋಸ್ಟಿನ ಸ್ಟಾಂಪಿನಷ್ಟು ದೊಡ್ಡದಾಗಿ ನನ್ನ ಮಾವ. ಚಿತ್ರಪ್ರದರ್ಶನದ ಉದ್ಘಾಟನೆ ಎಂದು ಬರೆದ ಬ್ಯಾನರು ಚಿತ್ರಗಳನ್ನೆಲ್ಲ ನುಂಗಿ ಕೂತಿತ್ತು. ಬ್ಯಾನರಿಗೂ ಗೋಡೆಗೂ ನಡುವೆ ಇಬ್ಬರು ಪಕ್ಕಪಕ್ಕದಲ್ಲಿ ನಿಲ್ಲುವಷ್ಟು ಅಗಲದ ಓಣಿ.

ನನ್ನ ಪಿತ್ತ ನೆತ್ತಿಗೇರಿತು. "ಇದನ್ನ ಇಳಿಸಿ," ಎಂದು ಅಧ್ಯಕ್ಷರಿಗೆ ಹೇಳಿದೆ.

ಅವರು ನಕ್ಕರು. "ಎಂಥ ಹೇಳುದು ನೀವು ಅಮ್ಮ! ಬರೇ ಅಕ್ಷರ ಇದ್ದಿದ್ರೆ ಇಳಿಸಬಹುದಿತ್ತು. ಇದರಲ್ಲಿ ಮುಖಗಳುಂಟು. ಮುಖ ಇರುವ ಬ್ಯಾನರ್ ಇಳಿಸಿದ್ರೆ ನಾಳೆ ಸಂಘ ಎರಡಾಗ್ತದೆ."

"ಚಿತ್ರ ಯಾರು ನೋಡೋದು, ಯಾವಾಗ?"

"ಕಾರ್ಯಕ್ರಮ ಎಲ್ಲ ಮುಗಿದ ಮೇಲೆ ನೋಡಲಿ."

ಮುಗಿದ ಮೇಲೆ! ಸಂಘದ ಕಾರ್ಯಕ್ರಮ ಮುಗಿದ ಮೇಲೆ ಕೆಳಗಿನ ಮಹಡಿಯಲ್ಲಿ ತಿಂಡಿ. ತಿಂಡಿ ಆದಮೇಲೆ ಕಲ್ಯಾಣದವರು ಕಲ್ಯಾಣಕ್ಕೆ, ಠಾಣೆಯವರು ಠಾಣೆಗೆ. ಕೈ ತೊಳೆದವರು ಮತ್ತೆ ಮೆಟ್ಟಿಲು ಹತ್ತಿದ್ದನ್ನು ಯಾರಾದರೂ ಕಂಡಿದ್ದರೆ ಹೇಳಲಿ. ನಮ್ಮ ಅತ್ತೆಯಂತೂ ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡು ಸೀದಾ ರಿಕ್ಷಾ ಹತ್ತುವವರು.

ಅಷ್ಟರಲ್ಲಿ ಮಾವ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ಸಿಲು. ಬ್ಯಾನರನ್ನು ಮೇಲಿಂದ ಕೆಳಗೆ ನೋಡಿದರು. ಅಂಚು ಸರಿಸಿ ಒಳಗೆ ಹೋಗಿ, ಕತ್ತಲಲ್ಲಿ ಚಿತ್ರಗಳ ನಡುವೆ ನಿಂತುಕೊಂಡರು. ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆಗ ಬಂದವರು ಕಲ್ಯಾಣದ ಅಕ್ಕ. ಕಲ್ಯಾಣ ಸ್ಟೇಷನ್ನಿನ ಹತ್ತಿರ ಅವರ ಯಜಮಾನರ ಹೋಟೆಲು. ಸಂಘದ ತಿಂಡಿ ಯಾವತ್ತೂ ಅವರ ಸುಪರ್ದಿ. ಎರಡು ಪಾತ್ರೆ ಗೋಳಿಬಜೆಯ ಹಿಟ್ಟು, ಚಟ್ನಿ, ಒಂದು ಡಬರಿ ಶಿರಾ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದರು.

"ಎಂಥ ಮಾರಾಯ್ತಿ, ಮುಖ ಹರಳೆಣ್ಣೆ ಕುಡಿದ ಹಾಗೆ ಮಾಡಿದ್ದಿ?"

ಎಲ್ಲ ಹೇಳಿದೆ. ಬ್ಯಾನರಿನ ವಿಷಯ, ಮಾವನ ಆಸೆ, ಅತ್ತೆಯ ಹಟ. ಅಕ್ಕ ಒಂದು ಗಳಿಗೆ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದರು.

"ನಮ್ಮ ಜನ ಭಾಷಣ ಕೇಳ್ಲಿಕ್ಕೆ ಬರುದಾ? ಅಲ್ಲವಲ್ಲ. ಗೋಳಿಬಜೆ ಎಲ್ಲುಂಟೋ ಅಲ್ಲಿಗೆ ಬರುದು. ತಿಂಡಿಯ ಮೇಜನ್ನು ಬ್ಯಾನರಿನ ಹಿಂದೆ ಹಾಕುವ. ಪ್ಯಾಂಟ್ರಿ ಹೇಗೂ ಅಲ್ಲೇ ಉಂಟು. ಸ್ವಾಗತ ಭಾಷಣ ಸುರುವಾಗುವಾಗ ನಾನು ಎಣ್ಣೆಗೆ ಬಿಡ್ತೇನೆ."

"ಅಧ್ಯಕ್ಷರು ಬೈದರೆ?"

"ನಂಗೆ ಬೈಯುದಾ? ಬೈಲಿ ಕಾಂಬ. ಮುಂದಿನ ಕಾರ್ಯಕ್ರಮಕ್ಕೆ ಬಿಸ್ಕುಟು ತಿಂತಾರೆ."

ಎಂಥ ಸೊಗಸಾದ ದ್ರೋಹ! ನಾನು ಅವರನ್ನು ತಬ್ಬಿಕೊಂಡೆ. ಇಬ್ಬರೂ ಸೇರಿ ಮೇಜುಗಳನ್ನು ಕೆಳಗಿನಿಂದ ಹೊರಿಸಿ ಓಣಿಯ ಪ್ಯಾಂಟ್ರಿಯ ತುದಿಗೆ ಹಾಕಿಸಿದೆವು. ಟ್ಯೂಬ್‌ಲೈಟು ಹಚ್ಚಿದೆವು. ಮಾವ, "ಏನ್ ನಡಸೀರಿ ಇದು?" ಎಂದು ಕೇಳಿದರು. "ಪ್ರದರ್ಶನ, ಮಾಮಾರ," ಅಂದೆ.

ಕಾರ್ಯಕ್ರಮ ಶುರುವಾಯಿತು. ಹಾಲ್ ತುಂಬಿತ್ತು. ಮೊದಲ ಸಾಲಿನಲ್ಲಿ ಅತ್ತೆ, ಇಳಕಲ್ ಸೀರೆ, ಹಣೆಯಲ್ಲಿ ಕಾಸಗಲ ಕುಂಕುಮ, ಪಕ್ಕದಲ್ಲಿ ಮಾವನ ಖಾಲಿ ಕುರ್ಚಿ. ಪ್ರಾರ್ಥನೆ ಆಯಿತು, ದೀಪ ಆಯಿತು. ಅಧ್ಯಕ್ಷರು ಮೈಕಿನ ಮುಂದೆ ನಿಂತು, ಕಲೆಯೆಂದರೇನು ಎಂದು ಆರಂಭಿಸಿದರು. ಸರಿಯಾಗಿ ಆಗಲೇ ಬ್ಯಾನರಿನ ಹಿಂದಿನಿಂದ ಚೊಂಯ್ ಎಂದು ಸದ್ದು ಬಂತು.

ವಾಸನೆ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಿಸಿ ಎಣ್ಣೆ, ಕರಿಬೇವು, ಹಸಿಮೆಣಸು, ಶುಂಠಿ. ಹಿಂದಿನ ಸಾಲಿನ ಒಬ್ಬರು ಕೆಮ್ಮು ಬಂದವರ ಹಾಗೆ ನಟಿಸಿ ಎದ್ದು ಹೋದರು. ಮರಳಲಿಲ್ಲ. ಅವರನ್ನು ನೋಡಿ ಬರಲು ಇನ್ನಿಬ್ಬರು ಹೋದರು. ಅವರೂ ಮರಳಲಿಲ್ಲ. ಆಮೇಲೆ ನಟನೆಯ ಗೋಜೂ ಉಳಿಯಲಿಲ್ಲ, ಸಾಲುಸಾಲೇ ಎದ್ದವು. ಮುಖ್ಯ ಅತಿಥಿಗಳು ವೇದಿಕೆಯ ಮೇಲೆ ಕೂತಲ್ಲೇ ಮೂಗು ಅರಳಿಸಿ, ಮೊಬೈಲನ್ನು ಕಿವಿಗೆ ಹಚ್ಚಿ "ಹಲೋ, ಹಲೋ" ಎನ್ನುತ್ತ ಬ್ಯಾನರಿನ ಅಂಚಿನಲ್ಲಿ ಮಾಯವಾದರು. ಮೊಬೈಲು ತಲೆಕೆಳಗಾಗಿತ್ತು.

ಒಳಗೆ ಹೋದ ನಾನು ಕಂಡದ್ದೇನು ಹೇಳಲಿ! ಒಂದು ಕೈಯಲ್ಲಿ ಕಾಗದದ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಗೋಳಿಬಜೆ ಊದುತ್ತ ಜನ ಚಿತ್ರ ನೋಡುತ್ತಿದ್ದರು. ಬಜೆ ಬಿಸಿ, ಓಣಿ ಇಕ್ಕಟ್ಟು, ಎದುರಿಗೆ ನೋಡಲು ಚಿತ್ರ ಬಿಟ್ಟರೆ ಬೇರೆ ಏನೂ ಇಲ್ಲ. "ಅರೆ, ಇದು ನಮ್ಮ ಕಲ್ಯಾಣದ ನಾಲ್ಕನೇ ಪ್ಲಾಟ್‌ಫಾರ್ಮ್ ಅಲ್ಲವಾ?" "ಹೌದು ನೋಡ್ರಿ, ಇಂಡಿಕೇಟರ್ ಕೆಟ್ಟಿರೋದನ್ನೂ ತೆಗೆದಾರ!" ಹೊಟ್ಟೆಯ ಎತ್ತರಕ್ಕಿದ್ದ ಚಿತ್ರಗಳನ್ನು ಬಗ್ಗಿ ನೋಡುತ್ತಿದ್ದವರ ಹಿಂಭಾಗ ಬ್ಯಾನರಿಗೆ ತಾಗುತ್ತಿತ್ತು. ಹಾಲಿನ ಕಡೆಯಿಂದ ನೋಡಿದರೆ ಕಾರ್ಯದರ್ಶಿಯ ಕೆನ್ನೆ ಉಬ್ಬುತ್ತಿತ್ತು, ಕೋಶಾಧಿಕಾರಿಯ ಹಣೆ ಬೆಳೆಯುತ್ತಿತ್ತು. ಯಾರದೋ ಮೊಣಕೈ ತಗುಲಿ ಅಧ್ಯಕ್ಷರ ಮೂಗು ಒಂದು ಮೊಳ ಮುಂದೆ ಬಂತು. ಅದರ ಮುಂದೆಯೇ ನಿಂತು ಅಧ್ಯಕ್ಷರು ಕಲೆಯ ಬಗ್ಗೆ ಮಾತಾಡುತ್ತಲೇ ಇದ್ದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಆದರೆ ಮಾವ ನಗಲಿಲ್ಲ. ಎಲ್ಲರ ಹೊಗಳಿಕೆಗೂ ತಲೆ ಆಡಿಸುತ್ತ ಬ್ಯಾನರಿನ ಅಂಚನ್ನೇ ನೋಡುತ್ತಿದ್ದರು. ಹಾಲಿನಲ್ಲಿ ಉಳಿದವರು ಬೆರಳೆಣಿಕೆಯಷ್ಟು, ಅವರಲ್ಲಿ ಅತ್ತೆಯೂ ಒಬ್ಬರು. ಬೆನ್ನು ನೆಟ್ಟಗೆ ಮಾಡಿಕೊಂಡು ಭಾಷಣ ಕೇಳುತ್ತಿದ್ದರು. ಜೀವನದಲ್ಲಿ ಯಾವ ಭಾಷಣವನ್ನೂ ಕೇಳಿದವರಲ್ಲ.

ನಾನು ಹೋಗಿ ಅವರ ಕಿವಿಯಲ್ಲಿ ಒಂದು ಸುಳ್ಳು ಬಿಟ್ಟೆ. "ಅತ್ಯಾರ, ಕಲ್ಯಾಣದಕ್ಕ ಅನ್ನಲಿಕ್ಕತ್ತಾರ, ಧಾರವಾಡ ಕಡೆಯವರಿಗೆ ಶಿರಾದ ಹದ ಏನ್ ಗೊತ್ತು ಅಂತ. ನೀವ ಬಂದು ಒಂದ್ಸಲ..."

ನನ್ನ ಮಾತು ಮುಗಿಯುವ ಮೊದಲೇ ಅತ್ತೆ ಎದ್ದಿದ್ದರು. ಸೆರಗು ಸರಿಮಾಡಿಕೊಂಡು, ಬ್ಯಾನರಿನ ಅಂಚನ್ನು ತಾವೇ ಸರಿಸಿ ಒಳಗೆ ನಡೆದರು. ನನ್ನ ಸುಳ್ಳಿಗೆ ಇಷ್ಟು ಬೇಗ ಫಲ ಸಿಕ್ಕಿತೆಂದು ನಾನು ಹಿಗ್ಗಿದೆ. ಕಲ್ಯಾಣದಕ್ಕ ಶಿರಾದ ತಟ್ಟೆ ಕೈಗಿತ್ತರು. ಅತ್ತೆ ಅದನ್ನು ಹಿಡಿದುಕೊಂಡರೇ ಹೊರತು ಬಾಯಿಗಿಡಲಿಲ್ಲ. ಸೀದಾ ಮೊದಲನೆಯ ಚಿತ್ರದ ಮುಂದೆ ಹೋಗಿ ನಿಂತರು.

ಓಣಿಯಲ್ಲಿದ್ದವರು ತಾವಾಗಿ ಜಾಗ ಬಿಟ್ಟರು. ಅತ್ತೆ ಒಂದು ಚಿತ್ರ ನೋಡಿದರು, ಮುಂದಿನದಕ್ಕೆ ಹೋದರು. ಅಕ್ಕಿ ಆರಿಸುವಾಗಿನ ಕಣ್ಣು. ಒಂದೊಂದು ಚಿತ್ರದ ಮೂಲೆ ಮೂಲೆಯನ್ನೂ ಹುಡುಕುತ್ತಿದ್ದರು. ಮಾವ ಎರಡು ಹೆಜ್ಜೆ ಹಿಂದೆ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಜೇಬಿನ ಪೆನ್ಸಿಲನ್ನು ತೆಗೆಯುತ್ತ ಇಡುತ್ತ ಹಿಂಬಾಲಿಸಿದರು. ಹದಿನಾಲ್ಕೂ ಮುಗಿದವು. ಅತ್ತೆ ಗೋಡೆಯ ತುದಿಯಲ್ಲಿ ಪ್ಯಾಂಟ್ರಿಯ ಬಾಗಿಲ ಬಳಿ ನಿಂತು ತಿರುಗಿದರು.

"ಇಷ್ಟನಾ?"

ಮಾವನ ಮುಖ ಸಪ್ಪಗಾಯಿತು. "ಇಷ್ಟ. ಯಾಕ, ಚಂದ ಆಗಿಲ್ಲೇನು?"

"ಚಂದದ ಮಾತಲ್ಲ. ಮನ್ಯಾಗಿದ್ದಾವ ಇವ. ಎಲ್ಲಾ ನೋಡೇನಿ ನಾ."

"ಯಾವಾಗ ನೋಡೀದಿ?"

"ನೀವು ಹಾಲು ತರಾಕ ಹೋದಾಗ. ಒಂದೂ ಬಿಟ್ಟಿಲ್ಲ. ಇಲ್ಲೆ ಹೊಸಾದು ಏನರ ಇಟ್ಟೀರೇನೋ ಅಂತ ಬಂದೆ." ಅತ್ತೆ ಗೋಡೆಯ ಕಡೆ ಕೈ ಮಾಡಿದರು. "ಮೀನಿನಾಕಿ ಅದಾಳ, ನಮ್ಮ ಬಿಲ್ಡಿಂಗಿನ ವಾಚ್‌ಮನ್ ಅದಾನ, ಮಮ್ಮಗಳು ಅದಾಳ, ಸೊಸಿ ಲೋಕಲ್ ಹಿಡಿಯಾಕ ಓಡ್ಲಿಕ್ಕತ್ತಾಳ. ಮನಿ ಕುಕ್ಕರ್ ಸೈತ ಅದ. ನಾ ಎಲ್ಲಿದೀನ್ರಿ?"

ಓಣಿಯಲ್ಲಿ ಯಾರೂ ಬಜೆ ಜಗಿಯಲಿಲ್ಲ. ನನಗೆ ಕೆನ್ನೆಗೆ ಹೊಡೆದಂತಾಯಿತು. ಆ ಮನೆಯಲ್ಲಿ ಅವರಿಬ್ಬರ ನಡುವೆಯೇ ಓಡಾಡಿಕೊಂಡಿದ್ದೆ, ಮೊಸರಿನ ಬಟ್ಟಲ ಜಗಳ ಎಂದೇ ನಂಬಿದ್ದೆ.

ಮಾವ ಕನ್ನಡಕ ತೆಗೆದರು, ಹಾಕಿಕೊಂಡರು. ಇಷ್ಟು ಮಂದಿಯ ಮುಂದೆಯೇ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ನಿನ್ನ ತೆಗೀಬೇಕಂದ್ರ ನಿನ್ನ ನೋಡಬೇಕಲ್ಲ? ನೋಡಗೊಡ್ತೀಯೇನು ನೀ? ಸ್ವಲ್ಪ ನೋಡಿದ್ರ, 'ಏನ್ ಹಂಗ ನೋಡ್ತೀರಿ, ಉದ್ಯೋಗಿಲ್ಲೇನು' ಅಂತೀದಿ."

ಮೊದಲು ನಕ್ಕವರು ಕಲ್ಯಾಣದಕ್ಕ. ಆಮೇಲೆ ಓಣಿಯೆಲ್ಲ ನಕ್ಕಿತು, ಬ್ಯಾನರಿನ ಮುಖಗಳೆಲ್ಲ ಕುಲುಕಾಡಿದವು. ಅತ್ತೆಯ ಮುಖ ಕಿವಿಯ ತುದಿಯವರೆಗೆ ಕೆಂಪಾಯಿತು. ಶಿರಾದ ತಟ್ಟೆಯನ್ನು ನನ್ನ ಕೈಗೆ ತುರುಕಿದರು. ಪ್ಯಾಂಟ್ರಿಯ ಬಾಗಿಲಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ದರದರ ಎಳೆದು, ಟ್ಯೂಬ್‌ಲೈಟಿನ ಕೆಳಗೆ ಹಾಕಿ, ಅದರ ಮೇಲೆ ಕೂತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡರು.

"ಈಗ ನೋಡ್ರಿ," ಅಂದರು.

ಮಾವ ಇನ್ನೊಂದು ಹೆಜ್ಜೆ ಹತ್ತಿರ ಬಂದರು. ಜೇಬಿನ ಪೆನ್ಸಿಲು ತೆಗೆದರು. ಕಾಗದವಿರಲಿಲ್ಲ. ಯಾರೋ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ಕೊಟ್ಟರು, ಅದರ ಹಿಂಬದಿ ಖಾಲಿಯಿತ್ತು. ಅತ್ತೆಯ ಶಿರಾವನ್ನು ನಾನೇ ತಿನ್ನತೊಡಗಿದೆ.

ಅಷ್ಟರಲ್ಲಿ ಆಚೆಯಿಂದ ಅಧ್ಯಕ್ಷರ ಧ್ವನಿ ಮೈಕಿನಲ್ಲಿ ಗುಡುಗಿತು. "ಈಗ ಸನ್ಮಾನ ಕಾರ್ಯಕ್ರಮ. ಕಲಾವಿದ ದಂಪತಿಗಳು ದಯವಿಟ್ಟು ವೇದಿಕೆಗೆ ಬರಬೇಕು." ಅವರಿಬ್ಬರಿಗೂ ಮೈಕಿಗೂ ನಡುವೆ ಇದ್ದದ್ದು ಒಂದು ಬ್ಯಾನರು ಮಾತ್ರ. ಮಾವನ ಪೆನ್ಸಿಲು ನಿಲ್ಲಲಿಲ್ಲ. "ದಂಪತಿಗಳು ಎಲ್ಲಿದ್ದರೂ ಬರಬೇಕು," ಎಂದು ಅಧ್ಯಕ್ಷರು ಮತ್ತೆ ಕರೆದರು. ಅತ್ತೆ ಗಡಬಡಿಸಿ ಏಳಲು ಹೋದರು.

"ಏಳಬ್ಯಾಡ," ಅಂದರು ಮಾವ, ಕಣ್ಣು ಅವರ ಮೇಲಿಂದ ತೆಗೆಯದೆ.

ಮಾವ ಹೇಳಿದ ಮಾತನ್ನು ಅತ್ತೆ ಮರುಮಾತಿಲ್ಲದೆ ಕೇಳಿದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.